ಕಾರೆಮೂಲೆಯ ಅನುವಾದ

"ಅನುವಾದ ಎಲ್ಲಿದೆಯಮ್ಮ?"

ಚಿಕ್ಕಣ್ಣ ಮಲಯಾಳದಲ್ಲಿ ಬರೆಸಿದ್ದ ವರದಿಯ ಕಟ್ಟನ್ನು ಮೇಜಿನ ಮೇಲೆ ಕುಕ್ಕಿದ. ಕಾರೆಮೂಲೆ ಹಾಡಿಯ ಜೇನು ಸಂಘದ ಕಾರ್ಯದರ್ಶಿ ಸರಿತ ಚಹಾ ಲೋಟವನ್ನು ಪಕ್ಕಕ್ಕೆ ಸರಿಸಿದಳೇ ಹೊರತು ತಲೆ ಎತ್ತಲಿಲ್ಲ. ಅವನಿಗೆ ಮೈಯೆಲ್ಲ ಉರಿಯಿತು.

"ಮಾರ್ಚ್ ಮೂವತ್ತೊಂದಕ್ಕೆ ಇನ್ನು ಒಂಬತ್ತೇ ದಿನ. ಫೆಬ್ರವರಿಯಿಂದ ಕೇಳ್ತಾ ಇದೀನಿ. ಏನು, ಆಟ ಆಡ್ತಿದೀರಾ?"

"ಆಟ ಏನಿಲ್ಲ ಸಾವ್ಕಾರ್ರೆ. ಊರು ಕೂತು ಮಾತಾಡ್ತು. ಅನುವಾದ ಕೊಡಲ್ಲ ಅಂತು."

"ಒಂದು ಅನುವಾದಕ್ಕೆ ಊರೆಲ್ಲ ಕೂರ್ಬೇಕಾ? ನಿಂಗೆ ಮಲಯಾಳನೂ ಬರುತ್ತೆ, ಕನ್ನಡನೂ ಬರುತ್ತೆ. ಒಬ್ಬಳೇ ಕೂತು ಬರೆದ್ರೆ ಎರಡು ದಿನದ ಕೆಲಸ."

ಆಗ ಅವಳು ತಲೆ ಎತ್ತಿದಳು. ಅವನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು.

"ನಾನೊಬ್ಬಳು ಬರೆದ್ರೆ ಅದು ಊರಿನ ಅನುವಾದ ಆಗಲ್ಲ" ಎಂದಳು.

ಚಿಕ್ಕಣ್ಣ ಗುಂಡ್ಲುಪೇಟೆಯವನು. ಹೋದ ಏಪ್ರಿಲ್‌ನಲ್ಲಿ ಮುತ್ತಂಗದ ಗಡಿ ದಾಟಿ ಬಂದು ವಯನಾಡಿನ ಕಲ್ಲೂರಿನಲ್ಲಿ ಗೋದಾಮು ಹಾಕಿದ್ದ. ಅವನ ಜೇನಿನ ಬಾಟಲಿಯ ಮೇಲೆ ಕಾರೆಮೂಲೆ ಎಂಬ ಹೆಸರಿತ್ತು, ಮರ ಹತ್ತಿ ಜೇನು ಇಳಿಸುವ ಹಾಡಿಯ ಹಿರಿಯ ಕುಳ್ಳನ್ ಅಜ್ಜನ ಮುಖವಿತ್ತು. ಇವೆರಡೂ ಇದ್ದರೆ ಮೈಸೂರಿನ ಅಂಗಡಿಯವರು ಕೇಳಿ ಕೇಳಿ ತರಿಸುತ್ತಿದ್ದರು. ಇಲ್ಲದಿದ್ದರೆ ಅವನ ಜೇನು ಹತ್ತರಲ್ಲಿ ಹನ್ನೊಂದು.

ಹೆಸರನ್ನೂ ಮುಖವನ್ನೂ ಬಳಸಲು ಹಾಡಿಯೊಂದಿಗೆ ಐದು ವರ್ಷದ ಕರಾರು. ಪ್ರತಿ ಮಾರ್ಚ್ ಮುಗಿಯುವುದರೊಳಗೆ ಅವನು ಕರಾರು ಬರೆದ ವಕೀಲರ ಕೈಗೆ ವಾರ್ಷಿಕ ವರದಿ ಕೊಡಬೇಕು. ಅದರಲ್ಲಿ ಏನೇನಿರಬೇಕು ಎಂದು ಕರಾರೇ ಹೇಳಿತ್ತು. ಎಷ್ಟು ಮರ ಹತ್ತಿದರು, ಎಷ್ಟು ಜೇನುಹುಟ್ಟು ಮುಟ್ಟದೆ ಬಿಟ್ಟರು, ಬಾಟಲಿಗೆ ಏನು ಬೆರೆಸಿದರು, ಕೊನೆಗೆ 'ಊರಿನವರ ಅನುವಾದಂ'. ಒಂದು ಕಡಿಮೆಯಾದರೂ ಕರಾರು ಅಂದೇ ರದ್ದು. ಸಹಿಯ ದಿನ ಆ ವಕೀಲೆ, ಬತ್ತೇರಿಯ ಷೈಜ, ಮಲಯಾಳದ ಒಂದೊಂದೇ ಷರತ್ತು ಓದಿ, ತನ್ನ ಹರಕು ಕನ್ನಡದಲ್ಲಿ ಬಿಡಿಸಿ ಹೇಳಿದ್ದಳು. ಕೊನೆಯದಕ್ಕೆ ಬರುವಷ್ಟರಲ್ಲಿ ಚಿಕ್ಕಣ್ಣನಿಗೆ ಹಸಿವು. "ಇದು ಗೊತ್ತಾಯ್ತು ಬಿಡಿ ಮೇಡಂ" ಎಂದು ಪೆನ್ನು ತೆಗೆದಿದ್ದ.

ಜೂನ್‌ನಲ್ಲಿ ಹಗೆ ಹುಟ್ಟಿತು. ಕುಳ್ಳನ್ ಅಜ್ಜ ಕಲ್ಲೂರಿನ ಅಂಗಡಿಯೊಂದರಲ್ಲಿ ತನ್ನದೇ ಮುಖದ ಬಾಟಲಿ ತೆರೆಸಿ, ಬೆರಳಿಂದ ನಾಲಿಗೆಗೆ ಹಚ್ಚಿಕೊಂಡು, ಥೂ ಎಂದು ರಸ್ತೆಗೆ ಉಗಿದ. ಸಕ್ಕರೆ ಪಾಕ! ಹೆಸರು ತೆಗಿ ಎಂದು ಹಾಡಿಯವರು ಗೋದಾಮಿಗೇ ಬಂದರು. ಚಿಕ್ಕಣ್ಣ ಕರಾರನ್ನು ಅವರ ಮುಖಕ್ಕೆ ಹಿಡಿದ. ಬೆರೆಸಬಾರದು ಎಂದು ಅದರಲ್ಲಿ ಎಲ್ಲಿದೆ? ಬೆರೆಸಿದ್ದನ್ನು ವರದಿಯಲ್ಲಿ ಬರೆಯಬೇಕು ಅಂತ ತಾನೆ ಇರೋದು? ಬರೀತೀನಿ, ಏನು ಕಿತ್ಕೋತೀರೋ ಕಿತ್ಕೊಳ್ಳಿ. ಅಂದಿನಿಂದ ಕಾರೆಮೂಲೆಯಲ್ಲಿ ಅವನಿಗೆ ಒಂದು ಲೋಟ ನೀರೂ ಹುಟ್ಟಲಿಲ್ಲ.

ಈಗ ಸಂಘದ ಮೆಟ್ಟಿಲ ಮೇಲೆ ಆ ಮುದುಕನೇ ಅಡ್ಡ ಕೂತಿದ್ದ.

"ನನ್ನ ಮೋರೆ ನಂಗೆ ಕೊಡು" ಎಂದ.

"ಮೊದ್ಲು ಅನುವಾದ ಕೊಡ್ಸಿ ಅಜ್ಜ, ಆಮೇಲೆ ಮಾತು."

ಕುಳ್ಳನ್ ಬೊಚ್ಚುಬಾಯಿ ತೆರೆದು ನಕ್ಕ. "ಅದ ಕೊಟ್ರೆ ಮೋರೆ ಹೋದಂಗೇ."

ಮುದುಕನಿಗೆ ಅರಳುಮರಳು ಎಂದುಕೊಂಡು ಚಿಕ್ಕಣ್ಣ ಜೀಪು ಹತ್ತಿದ. ದಾರಿಯಲ್ಲಿ ಥಟ್ಟನೆ ಹೊಳೆಯಿತು. ಓಹೋ, ಇದಾ ಸಂಗತಿ! ಅನುವಾದವನ್ನು ಹೀಗೇ ಎಳೆದು ಎಳೆದು ತಾರೀಖು ದಾಟಿಸುವುದು, ವರದಿ ಅರ್ಧಂಬರ್ಧ ಎಂದು ಕರಾರು ಮುರಿಯುವುದು. ಎಂಥ ಕಳ್ಳಬುದ್ಧಿ! ಅವನಿಗೆ ಸಿಟ್ಟಿನ ಜೊತೆಗೆ ಖುಷಿಯೂ ಆಯಿತು. ಇವರಿಗೆ ಚಳ್ಳೆಹಣ್ಣು ತಿನ್ನಿಸುವುದು ಎಷ್ಟು ಸುಲಭ.

ಜೀಪನ್ನು ನೇರ ಕಲ್ಪೆಟ್ಟಕ್ಕೆ ಬಿಟ್ಟ. ಅಲ್ಲಿ ವಿಮಲ ಟೀಚರ್ ಇದ್ದರು. ತಲೆತಲಾಂತರದಿಂದ ವಯನಾಡಿನಲ್ಲೇ ಇರುವ ಜೈನರ ಮನೆಯವರು, ಎರಡು ಭಾಷೆಯಲ್ಲೂ ಪಳಗಿದ ಕೈ.

"ಕನ್ನಡದಲ್ಲಿ ಯಾಕಪ್ಪ ಬೇಕು ಇದು? ಇಲ್ಲಿ ಕಾಗದಪತ್ರ ಎಲ್ಲ ಮಲಯಾಳದಲ್ಲೇ ನಡಿಯೋದು" ಎಂದು ಟೀಚರ್ ಕೇಳಿದರು.

"ಯಾಕೆ ಏನು ಅಂತ ಕೇಳ್ಬೇಡಿ ಟೀಚರ್. ಐದು ದಿನದಲ್ಲಿ ಆಗ್ಬೇಕು, ಅಷ್ಟೇ."

ಆಯಿತು. ನಲವತ್ತು ಪುಟ, ದುಂಡಗಿನ ಕನ್ನಡ, ಒಂದು ಕಾಗುಣಿತದ ತಪ್ಪಿಲ್ಲ. ಚಿಕ್ಕಣ್ಣ ಅದಕ್ಕೆ ಕೆಂಪು ರಟ್ಟು ಹಾಕಿಸಿದ.

ಮೂವತ್ತೊಂದರ ಮಧ್ಯಾಹ್ನ ಷೈಜಳ ಕಚೇರಿಯಲ್ಲಿ ಫ್ಯಾನು ಕಿರುಗುಡುತ್ತಿತ್ತು. ಸರಿತ, ಕುಳ್ಳನ್ ಅಜ್ಜ ಬೆಂಚಿನ ಮೇಲೆ ಕೂತಿದ್ದರು. ಚಿಕ್ಕಣ್ಣ ಅವರಿಗೆ ಬೆನ್ನು ಹಾಕಿ ಕುರ್ಚಿ ಎಳೆದುಕೊಂಡ.

ಷೈಜ ಕರಾರನ್ನು ಎಡಕ್ಕೂ ವರದಿಯನ್ನು ಬಲಕ್ಕೂ ಇಟ್ಟುಕೊಂಡು ಬೆರಳಿಟ್ಟು ನೋಡಿದಳು. ಮರಗಳು, ಶರಿ ಎಂದಳು ಮಲಯಾಳದ ಧಾಟಿಯಲ್ಲಿ. ಬಿಟ್ಟ ಹುಟ್ಟುಗಳು, ಶರಿ. ಬೆರಕೆಯ ಪುಟದಲ್ಲಿ ಅವಳ ತುಟಿ ಬಿಗಿಯಿತು. ಆದರೂ ಬರೆದಿದ್ದಾನಲ್ಲ, ಶರಿ. ಮತ್ತೆರಡು ಪುಟ ಮಗುಚಿದಳು.

"ಅನುವಾದಂ ಎಲ್ಲಿ?"

ಚಿಕ್ಕಣ್ಣ ಇದಕ್ಕೇ ಕಾದಿದ್ದ. ಚೀಲದಿಂದ ಕೆಂಪು ರಟ್ಟಿನ ಪುಸ್ತಕ ತೆಗೆದು, ಬೆಂಚಿನ ಕಡೆಗೆ ಒಮ್ಮೆ ತಿರುಗಿ, ಮೇಜಿನ ಮೇಲಿಟ್ಟು ತಟ್ಟಿದ.

"ನಲವತ್ತು ಪುಟ ಮೇಡಂ! ಊರಿನವರು ಕೊಡಲ್ಲ ಅಂದ್ರೆ ನಂಗೇನು ಗತಿ ಇಲ್ವಾ? ಹೊರಗಡೆ ಮಾಡಿಸ್ದೆ."

ಷೈಜ ರಟ್ಟು ತೆರೆದಳು. ಮೊದಲ ಪುಟ ನೋಡಿದಳು, ಕೊನೆಯ ಪುಟ ನೋಡಿದಳು, ಅವನನ್ನು ನೋಡಿದಳು. ಆಮೇಲೆ ಪೆನ್ನಿನ ಮುಚ್ಚಳ ಹಾಕಿದಳು. ಬೆಂಚಿನ ಮೇಲೆ ಕುಳ್ಳನ್ ಅಜ್ಜ ಮಡಿಲಲ್ಲಿದ್ದ ಬಾಟಲಿಯಿಂದ ತನ್ನ ಮುಖವನ್ನು ಉಗುರಿನಲ್ಲಿ ಮೆಲ್ಲಗೆ ಕೀಳತೊಡಗಿದ.

"ಇದಕ್ಕೆ ಇಲ್ಲಿ ತರ್ಜುಮೆ ಅಂತಾರೆ ಸಾವ್ಕಾರ್ರೆ" ಎಂದಳು ಸರಿತ. "ಮಲಯಾಳದಲ್ಲಿ ಅನುವಾದ ಅಂದ್ರೆ ಒಪ್ಪಿಗೆ. ಕೊಡಲ್ಲ ಅಂತ ಅವತ್ತೇ ಹೇಳಿದ್ವಲ್ಲ."