ಎಲ್ಡರ್ಬಿಯ ಗಿಬ್

"ಇಲ್ಲಿ ಗಿಬ್ ಅನ್ನೋನು ಯಾರು?"

ಯಾರ್ಕ್ ಪೇಟೆಯ ಆ ಚರ್ಮ ಹದಮಾಡುವ ಅಂಗಳದಲ್ಲಿ ಇಬ್ಬರು ತಲೆ ಎತ್ತಿದರು. ಕೇಳಿದವನು ಹೋಮ್ ಊರಿನ ಜಮೀನ್ದಾರನ ಕಡೆಯವನು, ಸೊಂಟದಲ್ಲಿ ಹಗ್ಗವಿತ್ತು.

"ಯಾವ ಗಿಬ್ ಬೇಕು?" ಎಂದ ಯಜಮಾನ ರೋಜರ್. "ಹಳಬ ಇಲ್ಲೇ ಹುಟ್ಟಿದೋನು. ಹೊಸಬ ಎಲ್ಡರ್ಬಿ ಊರೋನು. ಗೊಂದಲ ಬೇಡ ಅಂತ ಅವನನ್ನ ಎಲ್ಡರ್ಬಿ ಗಿಬ್ ಅಂತೀವಿ."

"ನಂಗೆ ಬೇಕಾದೋನು ನಮ್ಮ ಧಣಿ ಹೊಲ ಬಿಟ್ಟು ಓಡಿಬಂದೋನು. ಓಡಿಬಂದೋನು ತನ್ನೂರು ಯಾವುದು ಅಂತ ನಿಜ ಹೇಳ್ತಾನಾ?"

ಹೊಸಬ ಗಿಬ್ ಚರ್ಮದ ಗುಂಡಿಯೊಳಗೆ ಮೊಣಕೈವರೆಗೆ ಕೈಯಿಟ್ಟು ಹಾಗೇ ನಿಂತಿದ್ದ. ಹುಡುಕಿ ಬಂದವನು ಧಣಿಯ ಕೆಲಸಕ್ಕೆ ಹೊಸದಾಗಿ ಸೇರಿದವನು, ಇವನ ಮುಖ ಕಂಡವನಲ್ಲ. ಅದೊಂದೇ ಧೈರ್ಯ. ಧಣಿಯ ನೆಲಕ್ಕೆ ಕಟ್ಟುಬಿದ್ದು ಹುಟ್ಟಿದ ಆಳು ಪೇಟೆಯ ಗೋಡೆಯೊಳಗೆ ವರ್ಷವಿಡೀ ಯಾರ ಕೈಗೂ ಸಿಗದೆ ಉಳಿದರೆ ಆಮೇಲೆ ಅವನನ್ನು ಯಾರೂ ಎಳೆದೊಯ್ಯುವಂತಿಲ್ಲ. ಗಿಬ್‌ನ ವರ್ಷ ತುಂಬಲು ಈಸ್ಟರ್ ಹಬ್ಬ ಇನ್ನೂ ಕಳೆಯಬೇಕಿತ್ತು. ಕೆಲಸ ಕೇಳಿಕೊಂಡು ಬಂದ ದಿನ ರೋಜರ್ ಊರು ಯಾವುದೆಂದಾಗ, ದಾರಿಯಲ್ಲಿ ಗಾಡಿಯವನೊಬ್ಬ ದೂರದ ಚರ್ಚಿನ ಗೋಪುರ ತೋರಿಸಿ ಹೇಳಿದ್ದ ಹೆಸರೇ ಬಾಯಿಗೆ ಬಂದಿತ್ತು. ಆ ಊರಿಗೆ ಅವನು ಕಾಲಿಟ್ಟವನಲ್ಲ.

"ಎಲ್ಡರ್ಬಿಯೋರು ಯಾರಪ್ಪಾ ಇಲ್ಲಿ?" ಎಂದಿತೊಂದು ಹೆಣ್ಣು ದನಿ.

ಬಾಗಿಲಲ್ಲಿ, ಚರ್ಮ ಹದಮಾಡಲು ಬೇಕಾದ ಓಕ್ ಮರದ ತೊಗಟೆ ಮಾರುವ ಹೆಂಗಸೊಬ್ಬಳು ಹೊರೆ ಇಳಿಸುತ್ತಿದ್ದಳು. ಈ ಅಂಗಳಕ್ಕೆ ಹೊಸಬಳು. ಹೊರೆಯನ್ನು ಅಲ್ಲೇ ಬಿಟ್ಟು ಒಳಗೆ ಬಂದಳು.

"ನೀನು ಆ ಊರಿನೋಳೇನಮ್ಮ?" ಎಂದ ಧಣಿಯ ಮನುಷ್ಯ.

"ಹುಟ್ಟಿದ್ದೂ ಅಲ್ಲೇ, ಮದುವೆಯಾಗಿದ್ದೂ ಅಲ್ಲೇ. ಮಾರ್ಜರಿ ಅಂತಾರೆ."

"ಒಳ್ಳೇದಾಯ್ತು. ಇವನು ನಿಮ್ಮೂರೋನಾ? ನೋಡಿ ಹೇಳು."

ಗಿಬ್ ಗುಂಡಿಯ ಕಂದು ನೀರನ್ನೇ ನೋಡುತ್ತಿದ್ದ.

"ತಲೆ ಎತ್ತೋ," ಎಂದಳು ಮಾರ್ಜರಿ. ಎತ್ತಿದ. ಅವಳು ಬಹಳ ಹೊತ್ತು ನೋಡಿದಳು.

"ಕಮ್ಮಾರ ಹ್ಯೂನ ಮಗ," ಎಂದಳು. "ನಮ್ಮ ಹಿತ್ತಲ ಸೇಬು ಕದ್ದು ಕದ್ದೇ ಇಷ್ಟುದ್ದ ಬೆಳೆದಿದ್ದು. ಈಗ ನೋಡು, ನನ್ನ ಗುರುತೇ ಇಲ್ಲದೋನ ಹಾಗೆ ನಿಂತಿದಾನೆ."

"ಆಣೆ ಇಡ್ತೀಯಾ?"

ಅವಳು ಕೊರಳಲ್ಲಿದ್ದ ಮರದ ಶಿಲುಬೆಯನ್ನು ಮುಟ್ಟಿ ಆಣೆ ಇಟ್ಟಳು. ಧಣಿಯ ಮನುಷ್ಯ ಇನ್ನೂ ಸ್ವಲ್ಪ ಹೊತ್ತು ಗಿಬ್‌ನನ್ನು ದಿಟ್ಟಿಸಿ, ಪಕ್ಕದ ಅಂಗಳಕ್ಕೆ ಹೋದ. ರೋಜರ್ ತೊಗಟೆಯ ಹೊರೆಯನ್ನು ತಾನೇ ಎತ್ತಿಕೊಂಡು ಒಳಗೆ ನಡೆದ.

ಗಿಬ್ ಗುಂಡಿಯಿಂದ ಕೈ ತೆಗೆದು ಅವಳ ಬಳಿ ಬಂದ. "ಅಮ್ಮಾ, ಸುಳ್ಳು ಆಣೆ ಅದು. ನಾಳೆ ಅವನು ನಿಮ್ಮೂರಿಗೇ ಹೋಗಿ ಕೇಳಿದ್ರೆ?"

"ಯಾರನ್ನ ಕೇಳ್ತಾನೆ? ಮಹಾಮಾರಿ ಬಂದ ವರ್ಷ ನಾನು ತಂಗಿ ಬಾಣಂತನಕ್ಕೆ ಅಂತ ಹೋಗಿದ್ದೆ. ವಾಪಸ್ ಬಂದಾಗ ಬಾಗಿಲು ತೆಗೆಯೋಕೆ ಒಬ್ಬರೂ ಇರಲಿಲ್ಲ. ಈಗ ಅಲ್ಲಿ ಕುರಿ ಬಿಟ್ಟಿದಾರೆ."

"ಕಮ್ಮಾರನಿಗೆ ಮಗ ಇದ್ದದ್ದು?"

"ನಿಜಾನೇ. ವಾಪಸ್ ಬಂದಮೇಲೆ ಬಟ್ಟೆ ಸುತ್ತಿ ಮಣ್ಣಿಗಿಟ್ಟೋಳು ನಾನೇ." ಅವಳು ಅಂಗಳದ ಕಲ್ಲಿನ ಮೇಲೆ ಕುಳಿತಳು. "ಆ ಊರಿನ ಹೆಸರನ್ನ ನಾನಲ್ಲದೆ ಬೇರೆ ಯಾರಾದ್ರೂ ಹೇಳಿದ್ದು ಕೇಳಿ ಎಷ್ಟು ಕಾಲ ಆಗಿತ್ತೋ. ನೀನು ಯಾವ ಊರೋನಾದ್ರೂ ಆಗಿರಪ್ಪ, ನಂಗೆ ಬೇಡ. ಆದ್ರೆ ಒಂದು ಮಾತು. ಈ ಪೇಟೆಯೋರು ನಾಳೆ ನಿನ್ನ ಕಸುಬು ನೋಡಿ ಚರ್ಮದ ಗಿಬ್ ಅಂತ ಕರೀತಾರೆ. ಓಗೊಡಬೇಡ. ನಿನ್ನ ಮಕ್ಕಳನ್ನೂ ಎಲ್ಡರ್ಬಿ ಅಂತಲೇ ಕರೆಸು."

"ಆಗಲಿ ಅಮ್ಮಾ."

"ಹಾಗಾದ್ರೆ ಕೂತ್ಕೋ. ಊರು ಗೊತ್ತಿಲ್ಲದೆ ಊರೋನಾಗೋದು ಹೇಗೆ?"

ನೆಲದ ಮೇಲೆ ದಪ್ಪಗೆ ಕೂತಿದ್ದ ತೊಗಟೆಪುಡಿಯಲ್ಲಿ ಅವಳು ಬೆರಳಿನಿಂದ ಗೆರೆ ಎಳೆದಳು. ಬಾವಿ, ಚರ್ಚು, ಹಳ್ಳದ ಕಡೆ ಇಳಿಯುವ ದಾರಿ. ಒಂದೊಂದು ಮನೆ ಬರೆದು ಅಲ್ಲಿದ್ದವರ ಹೆಸರು ಹೇಳಿದಳು. ಗಿಬ್ ಮೆಲ್ಲಗೆ ಅವಳ ಹಿಂದೆಯೇ ಹೇಳಿದ. ಕೊನೆಗೊಂದು ಸಣ್ಣ ಚೌಕ ಎಳೆದು, ಅದರ ಹಿತ್ತಲಲ್ಲಿ ಸೇಬಿನ ಮರಕ್ಕೊಂದು ಚುಕ್ಕೆ ಇಟ್ಟಳು; ಅಲ್ಲಿದ್ದವರ ಹೆಸರು ಮಾತ್ರ ಹೇಳಲಿಲ್ಲ.

ಗಿಬ್ ತನ್ನ ಪಾದವನ್ನು ಆ ಚೌಕದ ಅಂಚಿನಿಂದ ಹಿಂದಕ್ಕೆ ಸರಿಸಿಕೊಂಡ.