ಟೀವಿಗೆ ಅಂಟಿಸಿದ ರಟ್ಟು

ಕಾದ ಪ್ಲಾಸ್ಟಿಕ್ಕಿನ ವಾಸನೆ ಬಂದರೆ ಸಾಕು, ಅಜ್ಜಿಯ ಚಾಮರಾಜಪುರಂ ಮನೆಯ ಆ ಮಧ್ಯಾಹ್ನ ನೆನಪಾಗಿ ಇವತ್ತಿಗೂ ಮೈ ಉರಿಯುತ್ತದೆ.

ದೊಡ್ಡಪ್ಪನ ಮಗಳು ಸುಮಕ್ಕ ರಜಕ್ಕೆ ಬರುವಾಗ ವಿಡಿಯೋ ಗೇಮ್ ತಂದಿದ್ದಳು. ಆಡುತ್ತಾ ಆಡುತ್ತಾ ಅದರ ಪೆಟ್ಟಿಗೆ ಕಾದು ವಾಸನೆ ಬರುತ್ತಿತ್ತು. ಹಿಂದಿನ ವರ್ಷ ಆಡಿದ್ದ ಬಂದೂಕಿನ ಆಟದ ಎರಡನೇ ಭಾಗ. ಮೊದಲನೆಯದರಲ್ಲಿ ಉಸಿರಾಡಲಾದರೂ ಪುರುಸೊತ್ತಿತ್ತು. ಇದರಲ್ಲಿ ಸತ್ತವರು ಕಣ್ಣು ಮಿಟುಕಿಸುವಷ್ಟರಲ್ಲಿ ಎದ್ದು ಓಡುತ್ತಿದ್ದರು. ಟೀವಿಯ ಎಡ ಅರ್ಧ ನನ್ನದು, ಬಲ ಅರ್ಧ ಅವಳದು. ನನ್ನ ಗುಂಡು ಮುಗಿದಾಗಲೇ ಸರಿಯಾಗಿ ಬಂದು ಹೊಡೆಯುತ್ತಿದ್ದಳು.

"ನನ್ ಕಡೆ ಕದ್ದು ನೋಡ್ತಿದೀಯ!"

"ನಿನ್ನಾಣೆ ಇಲ್ಲ ಕಣೇ."

ನಂಬದೆ, ಸೀರೆ ಡಬ್ಬದ ರಟ್ಟನ್ನು ಟೀವಿಯ ನಟ್ಟನಡುವೆ ಗೋಡೆಯಂತೆ ನಿಲ್ಲಿಸಿ ಅಂಟಿಸಿದೆ. ಆದರೂ ಸೋತೆ.

ಪಕ್ಕದಲ್ಲಿ ಬತ್ತಿ ಹೊಸೆಯುತ್ತಿದ್ದ ಅಜ್ಜಿ ನಕ್ಕುಬಿಟ್ಟರು. "ಅವ್ಳು ಟೀವಿ ಯಾಕ್ ನೋಡ್ಬೇಕು? ಗುಂಡು ಮುಗಿದ್ರೆ ನೀನು ನಾಲಿಗೆ ಕಚ್ಕೊಳ್ತೀಯ. ಚೌಕಾಬಾರದಲ್ಲಿ ನಿಮ್ ತಾತನ್ನ ನಾನು ಸೋಲಿಸ್ತಿದ್ದದ್ದೂ ಹಂಗೇ, ಮುಖ ನೋಡ್ಕೊಂಡೇ."

ರಟ್ಟು ಕಿತ್ತು ಅಜ್ಜಿಯ ಕೈಗೆ ಕೊಟ್ಟೆ. ನನ್ನ ಮುಖ ಸುಮಕ್ಕನಿಗೆ ಕಾಣದಂತೆ ಹಿಡಿದುಕೊಳ್ಳಲು ಹೇಳಿ, ಅವರನ್ನು ನಮ್ಮಿಬ್ಬರ ನಡುವೆ ಕೂರಿಸಿದೆ. ಮತ್ತೆ ಗುಂಡು ಮುಗಿಯಿತು, ಮತ್ತೆ ಸತ್ತೆ.

ಥಟ್ಟನೆ ರಟ್ಟಿನಾಚೆ ಇಣುಕಿದೆ. ಸುಮಕ್ಕನ ಕಣ್ಣು ಅಜ್ಜಿಯ ಮುಖದ ಮೇಲಿತ್ತು. ಅಜ್ಜಿ ನನಗಿಂತಲೂ ಗಟ್ಟಿಯಾಗಿ ನಾಲಿಗೆ ಕಚ್ಚಿಕೊಂಡಿದ್ದರು.