ಬೆಚ್ಚನೆ ನೀರು

ತುಂಬಿದ ಬಕೆಟ್ಟು ಹಿಡಿದು ಓಡಿಬಂದ ರಾಡೆಕ್ ಗೇಟಿನೊಳಗೆ ಕಾಲಿಟ್ಟು ಗಕ್ಕನೆ ನಿಂತ. ಅಂಗಳದ ನಡುವೆ ಕಿಂಗಾ ಕೋಟಿಲ್ಲದೆ, ಓಡಲು ಒಂದು ಕಾಲು ಹಿಂದಿಟ್ಟು ಕಾಯುತ್ತಿದ್ದಳು. ಅವನು ಬಕೆಟ್ಟನ್ನು ಮೆಲ್ಲಗೆ ಕೆಳಗಿಟ್ಟು ಟೋಪಿ ತೆಗೆದು, ಪಾದ್ರಿಯ ಎದುರು ನಿಂತವನ ಹಾಗೆ ಹಬ್ಬದ ಶುಭಾಶಯ ಹೇಳಿ, ಆರೋಗ್ಯ ಹೇಗಿದೆ ಎಂದು ಕೇಳಿದ.

ಅಡುಗೆಮನೆಯ ಪರದೆಯ ಹಿಂದೆ ಅವಳ ತಾಯಿ ಗ್ರಾಜಿನಾ ತಡೆದಿದ್ದ ಉಸಿರು ಬಿಟ್ಟಳು. ಹುಡುಗ ಮಾತಿಗೆ ತಪ್ಪಲಿಲ್ಲ.

ಬೆಳಗಿನಿಂದ ಬೀದಿಯುದ್ದಕ್ಕೂ ಕಿರುಚಾಟ. ಈಸ್ಟರಿನ ಮರುದಿನದ ಸೋಮವಾರ ಹುಡುಗರು ಹುಡುಗಿಯರ ಮೇಲೆ ನೀರು ಸುರಿಯದಿದ್ದರೆ ಅದು ಹಬ್ಬವೇ ಅಲ್ಲ. ಎದುರುಮನೆಯ ಅಕ್ಕತಂಗಿಯರು ಚರ್ಚಿಗೆ ಹೊರಡುವ ಮುಂಚೆಯೇ ಎರಡು ಸಲ ಬಟ್ಟೆ ಬದಲಿಸಿದ್ದರು. ಬೈದುಕೊಂಡು ಒಳಗೆ ಹೋಗಿ, ಬೈದುಕೊಂಡೇ ಮತ್ತೆ ಬೀದಿಗೆ ಬಂದಿದ್ದರು. ನೆನೆಯದ ಹುಡುಗಿ ಯಾರಿಗೂ ಬೇಡವಾದವಳು ಎಂಬುದು ಊರಿನ ಮಾತು. ಗ್ರಾಜಿನಾಗೆ ಅದು ಗೊತ್ತಿಲ್ಲದ್ದೇನಲ್ಲ, ಅವಳೂ ಇದೇ ಬೀದಿಯಲ್ಲಿ ನೆನೆದು ಬೆಳೆದವಳು. ಆದರೆ ಅವಳ ಎದೆಯನ್ನು ಯಾರೂ ಸೀಳಿ ಹೊಲಿದಿರಲಿಲ್ಲ.

ಎಲೆ ಉದುರುವ ಕಾಲದಲ್ಲಿ ಲುಬ್ಲಿನ್ ನಗರದ ಆಸ್ಪತ್ರೆಯಲ್ಲಿ ಕಿಂಗಾಳ ಹೃದಯಕ್ಕೆ ಕೃತಕ ಕವಾಟ ಕೂರಿಸಿದ್ದರು. ಮನೆ ಸುಮ್ಮನಾದಾಗ ಅದು ಕೈಗಡಿಯಾರದಂತೆ ಟಿಕ್ ಟಿಕ್ ಅನ್ನುತ್ತಿತ್ತು. ಚಳಿಗಾಲವಿಡೀ ಗ್ರಾಜಿನಾ ಆ ಸದ್ದಿಗೆ ಕಿವಿಗೊಟ್ಟೇ ಬದುಕಿದಳು. ರೇಡಿಯೋ ಹಾಕುವುದನ್ನೂ ಬಿಟ್ಟಳು. ಪೂರ್ತಿ ಗುಣವಾಗಿದೆ, ಈಜಲಿ, ಕುಣಿಯಲಿ ಎಂದು ಹೋದ ತಿಂಗಳು ಡಾಕ್ಟರು ಹೇಳಿದ್ದರು. ಡಾಕ್ಟರಿಗೇನು, ಹೇಳಿ ಮನೆಗೆ ಹೋಗುತ್ತಾರೆ.

ಅಂಗಳದಲ್ಲಿ ಕಿಂಗಾ ರಾಡೆಕ್‌ನ ಹತ್ತಿರ ಹೋಗಿ ಅವನ ಜಾಕೆಟ್ಟಿನ ಉಬ್ಬಿದ ಜೇಬಿಗೆ ಕೈ ಹಾಕಿದಳು. ಕೈಗೆ ಒಂದು ಮೊಟ್ಟೆ ಬಂತು. ಮೇಣದಲ್ಲಿ ಗೆರೆ ಎಳೆದು ಈರುಳ್ಳಿ ಸಿಪ್ಪೆಯ ನೀರಲ್ಲಿ ಬೇಯಿಸಿದ್ದು; ಕೆಂಗಂದು ಬಣ್ಣದ ಮೇಲೆ ಬಿಳಿ ಎಲೆಗಳು. ತಾನೇ ಬರೆದ ಎಲೆಗಳನ್ನು ಅವಳು ಗುರುತಿಸದೆ ಇರುತ್ತಾಳೆಯೇ. ಹುಡುಗರ ಕೈಗೆ ಬಣ್ಣದ ಮೊಟ್ಟೆ ಕೊಟ್ಟು ನೀರಿನಿಂದ ತಪ್ಪಿಸಿಕೊಳ್ಳುವ ಪದ್ಧತಿ ಹಳೆಯದೇ. ಆದರೆ ಅದನ್ನು ಹುಡುಗಿಯೇ ಕೊಡಬೇಕು.

"ನಿಮ್ಮಮ್ಮ ಶನಿವಾರಾನೇ ಕೊಟ್ರು," ಎಂದ ರಾಡೆಕ್, ಕಿಟಕಿಯ ಕಡೆ ನೋಡುತ್ತ. "ನಮ್ಮ ಗುಂಪಿನೋರಿಗೆಲ್ಲ ಒಂದೊಂದು. ಮೇಲೊಂದು ಕೇಕು ಬೇರೆ. ಕೇಕು ತಿಂದುಬಿಟ್ವಿ ಮಾರಾಯ್ತಿ. ಈಗ ಮಾತು ಮುರಿಯೋಕಾಗಲ್ಲ."

ಕಿಂಗಾ ಒಳಗೆ ಬಂದು, ಊಟದ ಮೇಜಿನ ಮೇಲೆ ಹಬ್ಬಕ್ಕೆಂದು ಬೆಣ್ಣೆಯಲ್ಲಿ ಮಾಡಿಟ್ಟಿದ್ದ ಕುರಿಮರಿಯ ಪಕ್ಕದಲ್ಲಿ ಆ ಮೊಟ್ಟೆಯನ್ನಿಟ್ಟಳು.

"ಇವತ್ತು ಯಾರ್ಯಾರನ್ನ ನೆನೆಸದೆ ಬಿಡ್ತಾರೆ ಅಮ್ಮ? ಬಸುರಿಯರನ್ನ. ಕೋಲು ಹಿಡಿದ ಮುದುಕಿಯರನ್ನ. ಸಾವಾದ ಮನೆಯೋರನ್ನ. ನಾನು ಇದರಲ್ಲಿ ಯಾರು?"

"ಶೀತ ಆದ್ರೆ ಏನೇ ಗತಿ?"

"ಮೂಗು ಒರೆಸ್ಕೋತೀನಿ."

ಬಾಗಿಲು ಹಾಕದೆ ಹೊರಗೆ ಹೋಗಿ ಮೊದಲು ನಿಂತಲ್ಲೇ ನಿಂತಳು. ರಾಡೆಕ್ ಬಕೆಟ್ಟನ್ನು ಕಾಲಬುಡದಲ್ಲಿಟ್ಟುಕೊಂಡು ಬೇಲಿಗೆ ಒರಗಿದ. ಅವನೂ ಹೋಗಲಿಲ್ಲ. ಬೇಲಿಯ ನೆರಳಲ್ಲಿ ಇನ್ನೂ ಒಂದು ಹಿಡಿ ಕೊಳಕು ಹಿಮ ಕರಗದೆ ಉಳಿದಿತ್ತು. ತೆಳು ಬ್ಲೌಸಿನೊಳಗೆ ಮಗಳ ಭುಜಗಳು ನಡುಗುತ್ತಿದ್ದವು. ಹೀಗೆ ನೆನೆಯದೆ ನಿಂತರೂ ಶೀತ ಹಿಡಿಯುತ್ತದೆ ಎಂದು ಗ್ರಾಜಿನಾಗೆ ಹೊಳೆಯಿತು.

ಒಲೆಯ ಮೇಲೆ ಪಾತ್ರೆ ತೊಳೆಯಲು ಕಾಯಿಸಿದ ನೀರಿತ್ತು. ಅವಳು ಅದನ್ನು ಮನೆಯ ಬಕೆಟ್ಟಿಗೆ ಸುರಿದು, ತಣ್ಣೀರು ಬೆರೆಸಿ, ಹಸುಗೂಸಿಗೆ ನೀರು ಹದ ಮಾಡುವಂತೆ ಮೊಣಕೈ ಅದ್ದಿ ನೋಡಿದಳು. ಅಂಗಳಕ್ಕೆ ಬಂದು ಮಗಳ ಬೆನ್ನ ಮೇಲೆ ನಿಧಾನವಾಗಿ ಹೊಯ್ದಳು. ಆವಿ ಎದ್ದಿತು. ಕಿಂಗಾ ಕಿರುಚಲಿಲ್ಲ. ತಿರುಗಿ ತಾಯಿಯ ಮುಖ ನೋಡಿದಳು.

"ಬೆಚ್ಚನೆ ನೀರು ಹೆಣ ತೊಳೆಯೋಕೆ, ಅಮ್ಮ."

ರಾಡೆಕ್ ತನ್ನ ಬೂಟು ನೋಡಿಕೊಂಡ. ಗ್ರಾಜಿನಾಗೆ ಮಗಳ ಕೆನ್ನೆಗೆ ಬಾರಿಸಬೇಕೆನ್ನಿಸಿತು. ಕೈ ಕೂಡ ಮೇಲೆದ್ದಿತ್ತು. ಎದ್ದ ಕೈ ಬಕೆಟ್ಟಿನ ಹಿಡಿಗೆ ಬಂತು. ಅವಳು ಕೊಟ್ಟಿಗೆಯ ಪಕ್ಕದ ಕೈಪಂಪಿನ ಹತ್ತಿರ ಹೋಗಿ ಒತ್ತಿದಳು. ಕಬ್ಬಿಣ ಅಂಗೈಯನ್ನು ಕಚ್ಚಿತು. ನೆಲದಾಳದ ನೀರು ಪಂಪಿನ ಗಂಟಲಲ್ಲಿ ಗೊರಗೊರ ಅಂದು, ಆಮೇಲೆ ದಬದಬ ಬಿತ್ತು. ಬಕೆಟ್ಟು ತುಳುಕುವವರೆಗೂ ಒತ್ತಿದಳು. ನಿಂತರೆ ಧೈರ್ಯ ಹೋದೀತೆಂದು ನಿಲ್ಲದೆ ಬಂದು, ಮಗಳ ಮುಖಕ್ಕೇ ಎರಚಿದಳು.

ಕಿಂಗಾ ಕಿರುಚಿದ್ದು ಬೀದಿಯ ಕೊನೆಯವರೆಗೂ ಕೇಳಿಸಿತು. ಎದುರುಮನೆಯ ನಾಯಿ ಬೊಗಳಿತು. ಅವಳ ಬಾಯಿಂದ ಬಂದ ಬೈಗುಳಗಳು ಎಂಥವೆಂದರೆ, ರಾಡೆಕ್‌ಗೇ ಒಂದೆರಡು ಹೊಸವಾಗಿದ್ದವು. ಅವಳು ಕಣ್ಣಿಂದ ಕೂದಲು ಸರಿಸಿ, ಕೆಮ್ಮಿ, ನಕ್ಕು, ರಾಡೆಕ್‌ನ ಕಾಲಬುಡದಲ್ಲಿದ್ದ ಬಕೆಟ್ಟನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ತಾಯಿಯ ಕಡೆ ತಿರುಗಿದಳು.

"ಚಿಕ್ಕಮ್ಮ, ಮೊಟ್ಟೆ ಮಿಕ್ಕಿದ್ರೆ ಬೇಗ ತೆಗೀರಿ," ಎಂದ ರಾಡೆಕ್.

ಗ್ರಾಜಿನಾ ಹಬ್ಬದ ಬೂಟಿನಲ್ಲಿ, ಏಪ್ರನ್ನು ಎತ್ತಿಕೊಂಡು ಕೊಟ್ಟಿಗೆಯ ಸುತ್ತ ಓಡಿದಳು. ಬೆನ್ನ ಹಿಂದೆಯೇ ಮಗಳ ಏದುಸಿರು. ಆ ಟಿಕ್ ಟಿಕ್ ಇತ್ತೋ ಇಲ್ಲವೋ, ನಿಂತು ಕೇಳಲು ಅವಳಿಗೆ ಪುರುಸೊತ್ತಿರಲಿಲ್ಲ.